ಆಟೀನ್ ರಾಜನ ಗೆರೆ

"ನನ್ನ ಗೆರೆಗೆ ಇಸ್ತ್ರಿ ಹಾಕಿದವರು ಯಾರು?"

ಪ್ರೆಸ್ಸಿನ ಬಾಗಿಲಲ್ಲಿ ನಿಂತು ಅವನು ಆಡಿದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ತಾನು ಯಾರೆಂದು ಹೇಳುವ ಸೌಜನ್ಯವಿಲ್ಲ. ಎಡಗೈಯಲ್ಲಿ ಪ್ರೂಫ್ ಹಾಳೆಗಳ ಸುರುಳಿ, ಬಲಗೈ ಪ್ಯಾಂಟಿನ ಜೇಬಿನೊಳಗೆ. ಕಟಿಂಗ್ ಮೆಷಿನ್ನಿನ ಸದ್ದಿನಲ್ಲೂ ಆ ಪ್ರಶ್ನೆ ಎಲ್ಲರ ಕಿವಿಗೆ ಬಿತ್ತು. ಎಲ್ಲರೂ ಒಮ್ಮೆಗೇ ಮೂಲೆಯ ಗಾಜಿನ ಕೋಣೆಯ ಕಡೆ ನೋಡಿದರು. ಇನ್ನೊಬ್ಬರನ್ನು ಸಿಕ್ಕಿಹಾಕಿಸುವಾಗ ಮಾತ್ರ ಆ ಪ್ರೆಸ್ಸಿನವರಲ್ಲಿ ಎಲ್ಲಿಲ್ಲದ ಒಗ್ಗಟ್ಟು.

ಗಾಜಿನ ಕೋಣೆಯಲ್ಲಿ ಕೂತಿದ್ದವಳು ನುಣುಪಿ. ಅಚ್ಚಿಗೆ ಹೋಗುವ ಮೊದಲು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಶುಚಿ ಮಾಡುವುದು ಅವಳ ಕೆಲಸ. ಧೂಳಿನ ಚುಕ್ಕೆ ತೆಗೆಯುವುದು, ಗೀರು ಮುಚ್ಚುವುದು, ಸೋಪಿನ ಡಬ್ಬಿಯ ಮೇಲಿನ ಹೆಂಗಸಿನ ಕಣ್ಣಡಿಯ ಸುಕ್ಕು ಅಳಿಸುವುದು, ಸೊಟ್ಟ ಗೆರೆಯನ್ನು ನೆಟ್ಟಗೆ ಮಾಡುವುದು. ಅವಳ ಕೈ ಸೋಕಿದ್ದೆಲ್ಲ ನುಣುಪು, ಅದಕ್ಕೇ ಆ ಹೆಸರು. ಓಡುವ ಬಸ್ಸಿನಲ್ಲಿ ಕೂತು ಸೂಜಿಗೆ ದಾರ ಪೋಣಿಸಿದವಳು ಅವಳು. ತನ್ನ ಕೈ ನಡುಗಿದ ನೆನಪೇ ಅವಳಿಗಿರಲಿಲ್ಲ.

"ನಾನೇ ಮಾಡಿದ್ದು," ಎಂದಳು ಎದ್ದು ನಿಂತು. "ಸ್ಕ್ಯಾನ್ ಮಾಡೋವಾಗ ಅಲುಗಾಡಿದೆ ಅಂದ್ಕೊಂಡೆ. ಗೆರೆಯೆಲ್ಲ ನಡುಗಿದ ಹಾಗಿತ್ತು. ಸರಿ ಮಾಡಿದೆ."

"ಸರಿ ಮಾಡಿದ್ರಾ?"

"ಹೂಂ. ಇಡೀ ದಿನ ಹಿಡೀತು." ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಪಾಪ, ಅವಳಿಗೇನು ಗೊತ್ತು.

ಅವನು ಒಳಗೆ ಬಂದು ಒಂದೇ ಕೈಯಿಂದ ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿದ. ಪ್ರೂಫುಗಳ ಜೊತೆಗೆ ಅವನು ಕೈಯಾರೆ ಬರೆದ ಮೂಲ ಹಾಳೆಗಳು, ಇಸ್ಪೀಟು ಎಲೆಗಳ ಚಿತ್ರಗಳು. ಹಾಗಂತ ಕಿರೀಟ ಹೊತ್ತ ರಾಜರೂ ಇಲ್ಲ, ಹೂ ಹಿಡಿದ ರಾಣಿಯರೂ ಇಲ್ಲ. ಫೋನಿನಲ್ಲಿ ಮಾತಾಡುತ್ತಾ ಕಾಗದದ ಅಂಚಿನಲ್ಲಿ ಗೀಚುತ್ತೇವಲ್ಲ, ಅಂಥ ಗೆರೆಗಳು. ಮೂಲದ ಕಳಾವರ್ ಐದರಲ್ಲಿ ಒಂದೇ ಗೆರೆ ಹೊರಟು, ತನ್ನನ್ನೇ ದಾಟಿ, ಐದು ಕಡೆ ಗಂಟು ಬಿದ್ದು, ಸುಸ್ತಾಗಿ ಮೂಲೆಯಲ್ಲಿ ನಿಂತಿತ್ತು. ನೋಡುತ್ತಾ ನಿಂತರೆ ಜಗಳವಾಡಿ ಬೆನ್ನು ತಿರುಗಿಸಿ ಮಲಗಿದವರ ಹಾಗೆ ಏನೋ ಕಾಣುತ್ತಿತ್ತು. ನುಣುಪಿ ನೆಟ್ಟಗೆ ಮಾಡಿದ ಪ್ರತಿಯಲ್ಲಿ ಅದು ಬರೀ ತಂತಿ.

"ಇದು ಸ್ಕ್ಯಾನರ್ ನಡುಗಿದ್ದಲ್ಲ ಮೇಡಂ," ಎಂದ ಅವನು. ದನಿ ತಟ್ಟನೆ ಇಳಿದಿತ್ತು. "ನಾನು ನಡುಗಿದ್ದು."

ಆಗ ಅವಳು ಅವನ ಬಲಗೈ ಕಡೆ ನೋಡಿದಳು. ಜೇಬು ಅಲುಗುತ್ತಿತ್ತು. ಒಳಗೆ ಕೋಳಿಮರಿಯನ್ನು ಬಚ್ಚಿಟ್ಟುಕೊಂಡವರ ಜೇಬಿನ ಹಾಗೆ, ಬಿಡದೆ ಅಲುಗುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನುಣುಪಿಗೆ.

"ಮತ್ತೆ ಮೊದಲಿನಿಂದ ಸ್ಕ್ಯಾನ್ ಮಾಡ್ತೀನಿ," ಎಂದಳು. "ಒಂದು ಗೆರೆನೂ ಮುಟ್ಟಲ್ಲ."

"ಇನ್ಮೇಲೆ ನಾನೇ ತಂದು ಕೊಡ್ತೀನಿ. ನಿಮ್ಮ ಎದುರಿಗೇ ಕೂರ್ತೀನಿ. ನಿಮ್ಮ ಮೇಲೆ ನಂಬಿಕೆ ಇಲ್ಲ."

"ಕೂತ್ಕೊಳ್ಳಿ. ಕುರ್ಚಿ ಇದೆ."

ಕೋಪ ಮಾಡಿಕೊಂಡು ಬಂದವನಿಗೆ ಕುರ್ಚಿ ತೋರಿಸಿದರೆ ಏನು ಮಾಡಲು ಸಾಧ್ಯ? ಅವನು ಕೂತ. ಅವನಿಗೆ ನಗು ಬಂದದ್ದು ಅವಳಿಗೆ ಕಾಣಿಸಿತು. ಅವಳು ನೋಡಿದಳೆಂದು ಅವನಿಗೂ ಗೊತ್ತಾಯಿತು. ಇಬ್ಬರೂ ಸ್ಕ್ಯಾನರಿನ ಕಡೆ ತಿರುಗಿದರು.

---

ಅವನಿಗೆ ಗೀಚಣ್ಣ ಎಂದು ಹೆಸರಿಟ್ಟವನು ಅಚ್ಚಿನ ಮೆಷಿನ್ ನೋಡಿಕೊಳ್ಳುವ ಮುದುಕ. ಪ್ರೆಸ್ಸಿಗೆಲ್ಲ ಅವನು ದೊಡ್ಡಪ್ಪ. ಒಂದು ಗ್ಯಾಲರಿಯವರು ಗೀಚಣ್ಣನ ಇಸ್ಪೀಟು ಕಟ್ಟನ್ನು ಅಚ್ಚು ಹಾಕಿಸುತ್ತಿದ್ದರು, ಆ ಕೆಲಸ ಈ ಪ್ರೆಸ್ಸಿಗೆ ಬಂದಿತ್ತು. ಗೀಚಣ್ಣನ ನಿಯಮ ಸರಳ. ಒಂದು ಎಲೆಗೆ ಒಂದೇ ಗೆರೆ. ಪೆನ್ನು ಎತ್ತುವಂತಿಲ್ಲ. ಸರಿ ಬರಲಿಲ್ಲವೆಂದು ಎರಡನೇ ಸಲ ಬರೆಯುವಂತಿಲ್ಲ. ನಾಲ್ಕು ಜಾತಿಯ ಎಲೆಗಳಲ್ಲಿ ಇಸ್ಪೇಟು ಮೊದಲು, ಆಮೇಲೆ ಕಳಾವರ್, ಡೈಮನ್, ಕೊನೆಗೆ ಕೆಂಪು ಹೃದಯದ ಆಟೀನ್.

ಇಸ್ಪೇಟಿನ ಎಲೆಗಳಲ್ಲಿ ಗೆರೆ ಗಟ್ಟಿಮುಟ್ಟು. ಕಳಾವರಿಗೆ ಬರುವಷ್ಟರಲ್ಲಿ ಅದಕ್ಕೆ ಚಳಿ ಹಿಡಿದಿತ್ತು. ಡೈಮನ್ನಿನಲ್ಲಿ ಅದು ತಡವರಿಸುತ್ತಿತ್ತು.

ನುಣುಪಿ ಆ ಗೆರೆಗಳನ್ನು ಮಾನಿಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದಳು. ಕೂದಲೆಳೆಯಷ್ಟು ಗೆರೆ ರಸ್ತೆಯಷ್ಟು ಅಗಲವಾಗಿ ಪರದೆ ತುಂಬುತ್ತಿತ್ತು. ಎಲ್ಲಿ ಅವನು ಉಸಿರು ಬಿಗಿಹಿಡಿದಿದ್ದ, ಎಲ್ಲಿ ಬಿಟ್ಟಿದ್ದ, ಎಲ್ಲಿ ಸುಸ್ತಾಗಿ ಮೊಣಕೈ ಊರಿದ್ದ, ಎಲ್ಲ ಅವಳಿಗೆ ಕಾಣುತ್ತಿತ್ತು. ಒಬ್ಬ ಗಂಡಸಿನ ಉಸಿರನ್ನು ಅವಳು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಇಲ್ಲಿ ಬಾಗಿಲು ಬಡಿದಿದ್ರು ಯಾರೋ," ಎಂದಳು ಒಮ್ಮೆ ಡೈಮನ್ ಏಳನ್ನು ತೋರಿಸಿ.

ಅವನು ಬೆಚ್ಚಿದ. "ನಮ್ಮಕ್ಕ. ಕಾಫಿಗೆ ಕರೆಯೋಕೆ. ಹೇಗೆ ಗೊತ್ತಾಯ್ತು?"

"ಗೆರೆ ಹೆದರಿದೆಯಲ್ಲ."

ಅವನು ಅವಳನ್ನೇ ನೋಡಿದ. ಆ ನೋಟ ಬೇಕೆಂದರೂ ಬೇಡವೆಂದರೂ ಅವಳ ಮುಖದ ಮೇಲಿಂದ ಹೋಗಲಿಲ್ಲ. ಅವಳು ಕೂದಲು ಕಿವಿಯ ಹಿಂದೆ ಸರಿಸಿಕೊಂಡಳು, ಮತ್ತೆ ಮುಂದೆ ತಂದಳು, ಮತ್ತೆ ಹಿಂದೆ ಸರಿಸಿದಳು. ಮೂವತ್ತು ದಾಟಿದ ಹೆಂಗಸು ಹೀಗೆಲ್ಲ ಆಡಬಾರದೆಂದು ಎಲ್ಲೂ ಬರೆದಿಲ್ಲವಲ್ಲ.

ಗುಲಾಮ, ರಾಣಿ, ರಾಜ ಈ ಮೂರು ಎಲೆಗಳಿಗೆ ಅವನು ಅರ್ಧ ಮಾತ್ರ ಬರೆಯುತ್ತಿದ್ದ. ಎಲೆಯನ್ನು ತಲೆಕೆಳಗೆ ಹಿಡಿದರೂ ಒಂದೇ ಥರ ಕಾಣಬೇಕಲ್ಲ, ಹಾಗಾಗಿ ಆ ಅರ್ಧವನ್ನೇ ತಿರುಗಿಸಿ ಕೆಳಗಿಟ್ಟು ನಡುವಿನಲ್ಲಿ ಕೂಡಿಸುವುದು ನುಣುಪಿಯ ಕೆಲಸ. ಆ ಕೂಡುವ ಜಾಗಕ್ಕೆ ಪ್ರೆಸ್ಸಿನವರು ಸೊಂಟ ಎನ್ನುತ್ತಿದ್ದರು. ಸೊಂಟದ ಒಂದು ತುದಿಯಿಂದ ಹೊರಟ ಗೆರೆ ಇನ್ನೊಂದು ತುದಿಗೆ ತಪ್ಪದೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಎಲೆ ಎರಡು ತುಂಡು.

"ರಾಣಿ ಸೊಂಟ ಚೆನ್ನಾಗಿ ಕೂಡಿಸಿದ್ದೀರಿ," ಎಂದ ಅವನು.

"ನಿಮ್ಮ ರಾಣಿಗೆ ಸೊಂಟನೇ ಇಲ್ಲ. ಬರೀ ಸುರುಳಿ."

"ಮಾಡೆಲ್ ಎದುರಿಗೆ ಕೂತಿದ್ದರೆ ಬರೀತಿದ್ದೆ."

"ಗೀಚಣ್ಣ!" ಎಂದಳು ಅವಳು ಗದರುವವಳ ಹಾಗೆ. ಬಾಯಿ ತಪ್ಪಿ ಪ್ರೆಸ್ಸಿನ ಹೆಸರು ಹೊರಬಿದ್ದಿತ್ತು.

ಅವನು ನಗಲಿಲ್ಲ. "ಊರೆಲ್ಲ ಅಣ್ಣ ಅನ್ನಲಿ. ನೀವು ಮಾತ್ರ ಬೇಡ."

"ಮತ್ತೇನು ಅನ್ನಲಿ?"

"ಗೀಚ ಅನ್ನಿ. ಬೈದ ಹಾಗಿರುತ್ತೆ. ಪರವಾಗಿಲ್ಲ."

ಅವಳು ಅನ್ನಲಿಲ್ಲ. ಆದರೆ ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಂದುಕೊಂಡಳು.

---

ಪ್ರೆಸ್ಸಿನ ಹಿಂದೆ ಹಾಳೆಗಳ ಬಂಡಲ್ ಇಳಿಸುವ ಕಟ್ಟೆ ಇತ್ತು. ಇಬ್ಬರೂ ಅಲ್ಲಿ ಕೂತು ಚಹಾ ಕುಡಿಯುವುದು ರೂಢಿಯಾಯಿತು. ಒಂದು ದಿನ ಲೋಟ ಅವನ ಕೈಯಲ್ಲಿ ಕುಣಿದು ಅಂಗಿಯೆಲ್ಲ ಚಹಾ ಆಯಿತು. ಮರುದಿನದಿಂದ ಅವಳು ಅವನಿಗೆ ಅರ್ಧ ಲೋಟ ಮಾತ್ರ ತಂದಳು.

"ಅರ್ಧ ಯಾಕೆ?"

"ಇನ್ನರ್ಧ ನನಗೆ. ಪ್ರೆಸ್ಸಿನವರು ಜಿಪುಣರು."

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಕುಡಿದ. ಅವಳು ಬೇರೆ ಕಡೆ ನೋಡುತ್ತಾ ಕೂತಳು. ಆಮೇಲೆ ಅವನೇ ಹೇಳಿದ.

"ನರದ ಕಾಯಿಲೆ. ಮೊದಲು ಕೈ ನಡುಗುತ್ತೆ. ಆಮೇಲೆ ಸೋಲುತ್ತೆ. ಆಮೇಲೆ ಕಾಲು, ನಾಲಿಗೆ, ಕೊನೆಗೆ ಉಸಿರು. ಡಾಕ್ಟರು ಬಸ್ ಕಂಡಕ್ಟರ್ ಥರ ಒಂದೊಂದೇ ಸ್ಟಾಪ್ ಹೇಳಿಬಿಟ್ಟರು."

"ಔಷಧಿ?"

"ಬಸ್ಸು ಸ್ವಲ್ಪ ನಿಧಾನ ಹೋಗುತ್ತೆ. ಅಷ್ಟೇ."

ಅವಳು ತನ್ನ ಲೋಟವನ್ನು ಕಟ್ಟೆಯ ಮೇಲಿಟ್ಟಳು.

"ಕೈ ನಿಲ್ಲೋದರೊಳಗೆ ಕಟ್ಟು ಮುಗಿಸಬೇಕು," ಎಂದ ಅವನು. "ಆಟೀನ್ ರಾಜ ಬರೆದು ಪೆನ್ನು ಕೆಳಗಿಡೋದು. ಅದೊಂದೇ ಆಸೆ. ಅವತ್ತಿಗೆ ಇಲ್ಲಿಗೆ ಬರೋದನ್ನೂ ನಿಲ್ಲಿಸ್ತೀನಿ. ಆಮೇಲೆ ನೀವು ನನ್ನ ನೋಡೋಕೆ ಬರಬಾರದು. ಮಾತು ಕೊಡಿ."

"ಯಾಕೆ?"

"ಬಾಯಿ ಒರೆಸೋ ಹೆಂಗಸಾಗಿ ನೀವು ನನಗೆ ಬೇಡ."

"ಮತ್ತೆ ಏನಾಗಿ ಬೇಕು?"

ಅವನು ಲೋಟದ ಕಡೆ ಬಗ್ಗಿದ. ಅವಳು ಮಾತು ಕೊಡಲಿಲ್ಲ. ಚಹಾ ಆರಿಹೋಗುತ್ತಿದೆ ಎಂದು ಮಾತ್ರ ಹೇಳಿದಳು.

ಮನೆಯಲ್ಲಿ ಅಮ್ಮನಿಂದ ಯಾವುದನ್ನೂ ಮುಚ್ಚಿಡಲಾಗುತ್ತಿರಲಿಲ್ಲ. ಪಾರ್ಶ್ವವಾಯು ಬಡಿದ ಗಂಡನನ್ನು ವರ್ಷಗಟ್ಟಲೆ ಹಾಸಿಗೆಯಲ್ಲೇ ನೋಡಿಕೊಂಡು ಕಳಿಸಿಕೊಟ್ಟವಳು ಆಕೆ. ಮಗಳು ಊಟದ ತಟ್ಟೆಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಾ ಕೂತದ್ದನ್ನು ನೋಡಿದಳು, ಕೇಳಿದಳು, ಎಲ್ಲವನ್ನೂ ಬಾಯಿಬಿಡಿಸಿದಳು.

"ಕಣ್ಣು ಬಿಟ್ಟುಕೊಂಡೇ ಬಾವಿಗೆ ಬೀಳ್ತೀನಿ ಅಂತೀಯಲ್ಲೇ," ಎಂದಳು ಅಮ್ಮ. "ಮಲಗಿದ ಗಂಡಸಿನ ಚಾಕರಿ ಏನು ಅಂತ ನನ್ನ ಕೇಳು. ನನ್ನ ಬೆನ್ನು ಕೇಳು."

"ಅಪ್ಪನ್ನ ಬಿಟ್ಟು ಹೋಗಬೇಕು ಅನ್ನಿಸಿತ್ತಾ ನಿನಗೆ?"

"ದಿನಾ ಅನ್ನಿಸ್ತಿತ್ತು," ಎಂದು ಅಮ್ಮ ತಟ್ಟೆ ಎತ್ತಿಕೊಂಡು ಎದ್ದಳು. ಯಾಕೆ ಹೋಗಲಿಲ್ಲ ಎಂದು ಮಗಳು ಕೇಳಲಿಲ್ಲ.

---

ಆಟೀನ್ ಎಲೆಗಳು ನಿಧಾನವಾಗಿ ಬಂದವು. ಎಕ್ಕ ಬಂದಾಗ ಅವನು ಮೆಟ್ಟಿಲು ಹತ್ತಿ ಬಂದಿದ್ದ. ಆರು ಬರುವಷ್ಟರಲ್ಲಿ ಕೋಲು ಬಂದಿತ್ತು. ಹತ್ತರ ಹೊತ್ತಿಗೆ ಅವನ ಅಕ್ಕ ಆಟೋದಲ್ಲಿ ಕರೆತಂದು, ಒಳಗೆ ಬಿಟ್ಟು, ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದಳು. ಮದುವೆಯಾಗದೆ ಉಳಿದ ಆ ಅಕ್ಕನಿಗೆ ತಮ್ಮನೇ ಮನೆ, ತಮ್ಮನೇ ಮಠ. ಮಾತು ಕಡಿಮೆ. ನುಣುಪಿಯನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ "ಹೂಂ" ಎಂದಿದ್ದಳು. ಅದು ಒಪ್ಪಿಗೆಯೋ ಎಚ್ಚರಿಕೆಯೋ ತಿಳಿಯಲಿಲ್ಲ.

ಆಮೇಲೆ ಗುಲಾಮ ಬಂತು. ಆಮೇಲೆ ರಾಣಿ.

ಆಟೀನ್ ರಾಣಿ ಅವನ ಗೆರೆಗಳಲ್ಲೆಲ್ಲ ಚೆಂದದ್ದು. ಗೆರೆ ನಡುಗುತ್ತಲೇ ಮೇಲೇರಿ, ತಲೆಯಂಥ ಒಂದು ಸುತ್ತು ಸುತ್ತಿ, ಕಿವಿಯ ಹಿಂದೆ ಕೂದಲು ಸರಿಸಿದ ಹಾಗೆ ಒಂದು ಚಿಕ್ಕ ತಿರುವು ತಿರುಗಿ, ಸೊಂಟಕ್ಕೆ ಬಂದು ಮುಟ್ಟಿತ್ತು. ಅವನು ಅದನ್ನು ಮೇಜಿನ ಮೇಲೆ ಬಿಟ್ಟು ಹೋದ ಮೇಲೆ ನುಣುಪಿ ಬಹಳ ಹೊತ್ತು ಅದರ ಮುಂದೆ ಕೂತಿದ್ದಳು.

ಇನ್ನು ಉಳಿದದ್ದು ಒಂದೇ ಎಲೆ. ಅದನ್ನು ತಂದುಕೊಟ್ಟ ದಿನ ಅವನು ಕುರ್ಚಿಯಿಂದೆದ್ದು ಹೋದರೆ ಮುಗಿಯಿತು.

ಪ್ರೀತಿ ಮನುಷ್ಯರನ್ನು ದೊಡ್ಡವರನ್ನಾಗಿ ಮಾಡುತ್ತದೆ ಎನ್ನುವವರು ಅವತ್ತು ಆ ಗಾಜಿನ ಕೋಣೆಯಲ್ಲಿ ಇರಬೇಕಿತ್ತು. ನುಣುಪಿ ರಾಣಿಯ ಹಾಳೆಯನ್ನು ಮೇಜಿನ ಡ್ರಾಯರಿನ ತಳದಲ್ಲಿಟ್ಟಳು, ಮೇಲೆ ಹಳೇ ಪ್ರೂಫುಗಳನ್ನು ಹೇರಿದಳು, ಅವನಿಗೆ ಫೋನ್ ಮಾಡಿದಳು.

"ಸ್ಕ್ಯಾನರ್ ಗಾಜಿನ ಮೇಲೆ ವಾರ್ನಿಷ್ ಚೆಲ್ಲಿತ್ತು. ನೋಡಲಿಲ್ಲ. ರಾಣಿ ಅಂಟಿಕೊಂಡು ಹರಿದುಹೋದಳು."

ಎರಡನೇ ಸಲ ಬರೆಯಬಾರದೆಂಬ ತನ್ನ ನಿಯಮವನ್ನು ಅವನು ನೆನೆಯುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಬಾಯ್ಬಿಟ್ಟು ನಿಜ ಹೇಳಿಬಿಡಲು ಆಗಲೂ ಸಮಯವಿತ್ತು.

"ಸರಿ," ಎಂದ ಅವನು ಕೊನೆಗೆ. "ನಿಮ್ಮ ಮೇಜಿನಲ್ಲೇ ಕೂತು ಬರೀತೀನಿ. ಕಣ್ಣೆದುರೇ ಇರಲಿ, ಇನ್ನೊಂದು ಸಲ ಸಾಯೋದು ಬೇಡ ಅವಳು."

ಅವನು ಬಂದ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಬರೆದ. ಗೆರೆ ಇರುವೆ ನಡೆದಷ್ಟು ನಿಧಾನವಾಗಿ ಸಾಗಿತು. ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಹಾಳೆಯ ಮೇಲೆ ಬೀಳದಂತೆ ಅವಳು ತನ್ನ ಕರ್ಚೀಫಿನಿಂದ ಒರೆಸಿದಳು. ಅವನು ತಲೆಯೆತ್ತದೆ, "ಬಾಯಿ ಒರೆಸೋದು ಬೇಡ ಅಂದಿದ್ದೆ. ಮೂಗು ಪರವಾಗಿಲ್ಲ," ಎಂದ. ಅವಳಿಗೆ ನಗು ಬಂತು, ಅದರ ಬೆನ್ನಿಗೇ ತನ್ನ ಬಗ್ಗೆ ಹೇಸಿಗೆಯೂ ಬಂತು. ಆದರೂ ಆ ಮಧ್ಯಾಹ್ನ ಮುಗಿಯದಿರಲಿ ಎಂದೇ ಅವಳು ಹಂಬಲಿಸಿದಳು.

ಗೆರೆ ಸೊಂಟಕ್ಕೆ ಮುಟ್ಟಿತು. ಅದೇ ಕ್ಷಣ ಪೆನ್ನು ಅವನ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಿ ಎತ್ತಿ ಕೊಟ್ಟಳು. ಬೆರಳುಗಳು ಅದನ್ನು ಹಿಡಿಯಲಿಲ್ಲ. ಮತ್ತೆ ಕೊಟ್ಟಳು. ಮತ್ತೆ ಬಿತ್ತು.

ಅವನು ತನ್ನ ಕೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿದ. "ಹೋಯ್ತು," ಎಂದ. ಅಷ್ಟೇ.

---

ಕೈ ಮರಳಲಿಲ್ಲ. ಪ್ರೆಸ್ಸಿಗೆ ಅವನು ಬರುವುದು ನಿಂತಿತು. ಆಟೀನ್ ರಾಜನಿಲ್ಲದೆ ಕಟ್ಟು ಹಾಗೇ ಬಿದ್ದಿತ್ತು. ಗ್ಯಾಲರಿಯವರು ಅವಸರ ಮಾಡತೊಡಗಿದರು.

"ನೀನೇ ಕಂಪ್ಯೂಟರಿನಲ್ಲಿ ಒಬ್ಬ ರಾಜನನ್ನ ಹೊಸೆದುಬಿಡಮ್ಮ," ಎಂದ ದೊಡ್ಡಪ್ಪ. "ಅವನ ಗೆರೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಾರಿಗೂ ತಿಳಿಯಲ್ಲ."

ಅವಳು ಹೊಸೆದಳು. ಡೈಮನ್ನಿನಿಂದ ಒಂದು ತಿರುವು, ಗುಲಾಮನಿಂದ ಒಂದು ಸುತ್ತು, ಎಂಟರಿಂದ ಸ್ವಲ್ಪ ನಡುಕ. ಥೇಟ್ ಅವನದೇ ಗೆರೆ. ಹೆಣಕ್ಕೆ ಪೌಡರ್ ಹಚ್ಚಿ ಕೂರಿಸಿದ ಹಾಗಿತ್ತು. ಅಳಿಸಿ ಹಾಕಿದಳು. ಡ್ರಾಯರ್ ತೆರೆದು, ತಳದಿಂದ ಮೊದಲನೇ ರಾಣಿಯನ್ನು ತೆಗೆದುಕೊಂಡು ಅವನ ಮನೆಗೆ ಹೋದಳು.

ಮಹಡಿಯ ಮೇಲಿನ ಕೋಣೆ. ಕಿಟಕಿಗೆ ತಾಗಿದ ಮಂಚ, ಬೆನ್ನಿಗೆ ಮೂರು ದಿಂಬು. ಅಕ್ಕ ಚಮಚದಲ್ಲಿ ಏನೋ ಕುಡಿಸುತ್ತಿದ್ದಳು. ಅವನ ಗಲ್ಲದ ಕೆಳಗೆ ಟವೆಲ್. ಬಾಗಿಲಲ್ಲಿ ನುಣುಪಿಯನ್ನು ಕಂಡು ಅವನು ಮುಖ ಗೋಡೆಗೆ ತಿರುಗಿಸಿದ. ಅಕ್ಕ ಬಟ್ಟಲು ಎತ್ತಿಕೊಂಡು ಸದ್ದಿಲ್ಲದೆ ಹೊರಗೆ ಹೋದಳು.

"ಬರಬೇಡಿ ಅಂದಿದ್ದೆ." ಮಾತು ಆಗಲೇ ಸ್ವಲ್ಪ ತೊದಲುತ್ತಿತ್ತು.

ಅವಳು ಹಾಳೆಯನ್ನು ಅವನ ಎದೆಯ ಮೇಲಿಟ್ಟಳು. ಅವನು ನೋಡಿದ. ತುಂಬಾ ಹೊತ್ತು ನೋಡಿದ.

"ಇದು ಹರಿದುಹೋಗಿತ್ತಲ್ಲ?"

"ಇಲ್ಲ. ಸುಳ್ಳು ಹೇಳಿದೆ."

"ಯಾಕೆ?"

"ಕಟ್ಟು ಮುಗಿದ್ರೆ ನೀವು ಬರಲ್ಲ ಅಂದಿದ್ರಿ. ನನಗೆ ಇನ್ನೊಂದು ಮಧ್ಯಾಹ್ನ ಬೇಕಿತ್ತು."

ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದೆಯುತ್ತಲೇ ಇದ್ದರು. ಅದು ಕೆಮ್ಮುತ್ತಿತ್ತು, ಹತ್ತುತ್ತಿರಲಿಲ್ಲ.

"ಅದಕ್ಕೆ ನನ್ನ ಕೈ ತಗೊಂಡ್ರಾ?"

"ಹೂಂ," ಎಂದಳು ಅವಳು. ಬೇರೆ ಪದ ಹುಡುಕಲು ಅವಳಿಗೆ ಮನಸ್ಸಾಗಲಿಲ್ಲ. "ನಿಮ್ಮ ಮೇಲೆ ಪ್ರೀತಿ ನನಗೆ. ಕಾರಣ ಅಂತ ಹೇಳ್ತಿದ್ದೀನಿ. ಸಬೂಬು ಅಂತ ಅಲ್ಲ."

ಅವನು ಕಣ್ಣು ಮುಚ್ಚಿದ. "ಹೋಗಿ."

ಅವಳು ಹಾಳೆ ತೆಗೆದುಕೊಂಡು ಹೋದಳು.

---

ಆ ಮೇಲಿನ ದಿನಗಳಲ್ಲಿ ನುಣುಪಿ ಯಾರ್ಯಾರದೋ ಸುಕ್ಕು ಅಳಿಸಿದಳು, ಬಿಸ್ಕೆಟ್ ಪೊಟ್ಟಣದ ಮೇಲಿನ ಮಗುವಿನ ಕೆನ್ನೆಗೆ ಕೆಂಪು ಹಚ್ಚಿದಳು. ಊಟ ಸೇರಲಿಲ್ಲ. ಅಮ್ಮ ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ.

ಒಂದು ಸಂಜೆ ಅವನ ಅಕ್ಕ ಪ್ರೆಸ್ಸಿಗೆ ಬಂದು ಗಾಜಿನ ಬಾಗಿಲು ತಟ್ಟಿದಳು.

"ನಾಳೆ ಬಾರಮ್ಮ. ಎರಡೂ ರಾಣಿ ತರಬೇಕಂತೆ. ಬೈಯೋಕೋ ಏನೋ, ನನಗೆ ಗೊತ್ತಿಲ್ಲ. ಆದರೆ ಬಾ. ದಿನಾ ಬಾಗಿಲ ಕಡೆ ನೋಡ್ತಾನೆ."

ಬೆಳಿಗ್ಗೆ ಹೊರಡುವಾಗ ಅಮ್ಮ ಅಡುಗೆಮನೆಯಿಂದ ಒಂದು ಲೋಟ ತಂದು ಅವಳ ಚೀಲದಲ್ಲಿಟ್ಟಳು. ಕೊಕ್ಕಿನ ಹಾಗೆ ಮೂತಿಯಿದ್ದ ಪ್ಲಾಸ್ಟಿಕ್ ಲೋಟ, ಮಲಗಿದವರಿಗೆ ಕುಡಿಸುವಂಥದ್ದು. "ನಿಮ್ಮಪ್ಪಂದು. ಚಮಚದಲ್ಲಿ ಕುಡಿಸಿದ್ರೆ ನೆತ್ತಿಗೆ ಹತ್ತುತ್ತೆ, ಇದರಲ್ಲಿ ಕುಡಿಸು," ಎಂದಳು. ಅಷ್ಟು ಹೇಳಿ ಒಳಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು. ನಲ್ಲಿಯ ಸದ್ದು ಯಾಕೆ ಬೇಕೆಂದು ಮಗಳಿಗೆ ಗೊತ್ತಿತ್ತು.

ಅವನು ಇನ್ನಷ್ಟು ಇಳಿದುಹೋಗಿದ್ದ. ಎರಡು ರಾಣಿಯರನ್ನೂ ಅವಳು ಅವನ ತೊಡೆಯ ಮೇಲೆ ಪಕ್ಕಪಕ್ಕ ಇಟ್ಟಳು. ಅವನು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಗಲ್ಲದಿಂದ ಎರಡನೆಯದನ್ನು ತೋರಿಸಿದ.

"ಇವಳು."

"ಮೊದಲನೇದು ಚೆಂದ ಇದೆ."

"ಚೆಂದ ಇದೆ. ಅದನ್ನ ಬರೀವಾಗ ಬೇಗ ಮುಗಿಸಬೇಕು ಅಂತಿತ್ತು. ಇದನ್ನ ಬರೀವಾಗ..." ಅವನು ಉಸಿರು ತೆಗೆದುಕೊಂಡ. "ಮುಗೀಬಾರದು ಅಂತಿತ್ತು. ನೀನು ಎದುರಿಗೆ ಕೂತಿದ್ದೆ. ನೀನು ಕದ್ದ ಮಧ್ಯಾಹ್ನದಲ್ಲಿ ನನಗೂ ಪಾಲು ಬಂದಿದೆ."

ಮೊದಲ ಬಾರಿ ಅವನ ಬಾಯಲ್ಲಿ ನೀನು ಎಂದು ಬಂದದ್ದು ಇಬ್ಬರಿಗೂ ಕೇಳಿಸಿತು.

"ಕೋಪ ಹೋಗಿಲ್ಲ," ಎಂದ ಅವನು. "ಆದರೆ ಕೋಪ ಮಾಡ್ಕೊಂಡು ಕೂರೋಷ್ಟು ಟೈಮಿಲ್ಲ. ನನಗೂ ಪ್ರೀತಿ. ಬಾಯಿ ಇನ್ನೂ ಆಡೋವಾಗಲೇ ಹೇಳ್ಬಿಡ್ತೀನಿ."

ಅವಳು ಅವನ ಕೈಯನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. ತಣ್ಣಗಿತ್ತು. ಭಾರವಿತ್ತು. ಅತ್ತಳು. ಅವನು ಅವಳನ್ನು ಅಳಲು ಬಿಟ್ಟ.

"ಸಾಕು. ಮೂಗು ಒರೆಸ್ಕೋ. ರಾಜ ಬೇಕು ನನಗೆ."

"ಹೇಗೆ?"

"ಕೈ ನಂದು. ಜೀವ ನಿಂದು."

ಅಕ್ಕ ಹಾಳೆ ಸಿಕ್ಕಿಸಿದ ಹಲಗೆ ತಂದು ಅವನ ತೊಡೆಯ ಮೇಲಿಟ್ಟು ಹೋದಳು. ನುಣುಪಿ ಮಂಚದ ಮೇಲೆ ಅವನ ಪಕ್ಕಕ್ಕೆ ಒತ್ತಿ ಕೂತು, ಪೆನ್ನನ್ನು ಅವನ ಬೆರಳುಗಳ ನಡುವೆ ಇಟ್ಟು, ಆ ಬೆರಳುಗಳನ್ನು ತನ್ನ ಬೆರಳುಗಳಿಂದ ಮುಚ್ಚಿದಳು. ಅವನ ತಲೆ ಅವಳ ಭುಜಕ್ಕೆ ಒರಗಿತು. ಪೆನ್ನಿನ ತುದಿ ಸೊಂಟದ ಒಂದು ಅಂಚಿಗೆ ತಾಗಿತು.

"ಮೇಲೆ," ಎಂದ ಅವನು ಕಿವಿಯ ಬಳಿ. "ಹಾಗೇ. ಈಗ ತಿರುಗು. ಅವಸರ ಬೇಡ."

ಅವನ ಕೈ ನಡುಗಲಿಲ್ಲ. ನಡುಗುವ ಶಕ್ತಿಯೂ ಅದರಲ್ಲಿ ಉಳಿದಿರಲಿಲ್ಲ. ಹೇಳಿದ ಮಾತು ಕೇಳುವ ಮಗುವಿನ ಹಾಗೆ ಅವಳ ಕೈಯೊಳಗೆ ಸುಮ್ಮನೆ ಬಂತು. ಆದರೂ ಗೆರೆ ನಡುಗುತ್ತಿತ್ತು. ಹಿಂದೆಂದೂ ನಡುಗದಷ್ಟು ನಡುಗುತ್ತಿತ್ತು.

"ಯಾರೋ ನಡುಗ್ತಿದ್ದಾರೆ," ಎಂದ ಅವನು.

"ನಾನಲ್ಲ."

"ನಾನಂತೂ ಅಲ್ಲ ಕಣೇ."

ಅವನು ನಕ್ಕ ಅಲುಗಾಟಕ್ಕೆ ಗೆರೆ ಒಂದು ಕಡೆ ಪುಟಕ್ಕನೆ ಹಾರಿತು. ಅವಳು ನಿಲ್ಲಿಸಲು ಹೋದಳು. "ಎತ್ತಬೇಡ," ಎಂದ. "ಎತ್ತಬೇಡ, ಎತ್ತಬೇಡ." ಅವಳು ಎತ್ತಲಿಲ್ಲ. ಗೆರೆ ಒಂದು ಸುತ್ತು ಸುತ್ತಿ, ಇಳಿದು, ದಾರಿ ತಪ್ಪಿ, ಮತ್ತೆ ದಾರಿಗೆ ಬಂದು ಸೊಂಟದ ಇನ್ನೊಂದು ಅಂಚನ್ನು ಮುಟ್ಟಿತು.

ಪೆನ್ನು ಕೆಳಗಿಟ್ಟರು. ಅವಳು ಅವನಿಗೆ ಅಪ್ಪನ ಲೋಟದಲ್ಲಿ ಚಹಾ ಕುಡಿಸಿದಳು, ಬಾಯಿಯನ್ನೂ ಒರೆಸಿದಳು. ಅವನು ಬೇಡ ಎನ್ನಲಿಲ್ಲ.

ಆಮೇಲೆ ದಿನವೂ ಹೋದಳು. ಕೆಲಸ ಮುಗಿಸಿ ಬಸ್ಸು ಹಿಡಿದು ಹೋಗುವುದು, ಕುಡಿಸುವುದು, ಪಕ್ಕಕ್ಕೆ ಹೊರಳಿಸುವುದು, ಬೆನ್ನು ಒರೆಸುವುದು. ಸುಂದರವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವನ ಮಾತು ನಿಂತುಹೋಯಿತು. ಗೀಚ ಎಂದು ಅವಳು ಕರೆದರೆ ರೆಪ್ಪೆ ಬಡಿಯುತ್ತಿದ್ದ. ಎಷ್ಟೋ ಸಂಜೆ ಅವಳಿಗೂ ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು, ಆಗ ಅಮ್ಮನ ಮಾತು ನೆನಪಾಗುತ್ತಿತ್ತು. ಕಾಗದದ ಬಗ್ಗೆ, ಬೆಲೆಯ ಬಗ್ಗೆ ಗ್ಯಾಲರಿಯವರು ತೆಗೆದ ತಕರಾರುಗಳೆಲ್ಲ ಮುಗಿದು ಕಟ್ಟು ಅಚ್ಚಿಗೆ ಹೋಗುವ ಮೊದಲೇ ಒಂದು ಮಧ್ಯಾಹ್ನ ಅವನ ಉಸಿರು ಸೋತಿತು. ಅಕ್ಕ ಒಂದು ಕಡೆ, ಅವಳು ಒಂದು ಕಡೆ ಇದ್ದರು.

---

ಅಚ್ಚಿನ ದಿನ ದೊಡ್ಡಪ್ಪ ಗಾಜಿನ ಕೋಣೆಗೆ ಬಂದು ಅವಳ ಹಿಂದೆ ನಿಂತ. ಪರದೆಯ ಮೇಲೆ ಆಟೀನ್ ರಾಜನಿದ್ದ, ದೊಡ್ಡದಾಗಿ, ಗೆರೆಯ ಒಂದೊಂದು ಕಂಪನವೂ ಕಾಣುವಂತೆ.

"ಅಯ್ಯೋ ಪಾಪ," ಎಂದ ಮುದುಕ. "ಕೊನೆಗೆ ಎಷ್ಟೊಂದು ನಡುಗಿಬಿಟ್ಟಿದ್ದಾನಲ್ಲಮ್ಮ ಗೀಚಣ್ಣ. ನೋಡೋಕಾಗಲ್ಲ. ಒಂಚೂರು ಸರಿ ಮಾಡಬಾರದಾ? ನಿನಗೆ ಬರುತ್ತಲ್ಲ."

ಅವಳ ಕೈ ಮೌಸಿನ ಮೇಲಿತ್ತು. ಗೆರೆ ಪುಟಕ್ಕನೆ ಹಾರಿದ ಜಾಗದಲ್ಲಿ, ಅವನು ನಕ್ಕ ಜಾಗದಲ್ಲಿ, ಅವಳ ಕಣ್ಣು ನಿಂತಿತ್ತು.

"ಇದು ಅವನು ನಡುಗಿದ್ದಲ್ಲ ದೊಡ್ಡಪ್ಪ," ಎಂದಳು. "ನಾನು ನಡುಗಿದ್ದು."

ದೊಡ್ಡಪ್ಪ ಅವಳ ಮುಖ ನೋಡಿದ. ಹೋಗಿ ಮೆಷಿನ್ನಿಗೆ ಎಣ್ಣೆ ಬಿಡತೊಡಗಿದ.

ಅವಳು ಅರ್ಧ ರಾಜನನ್ನು ತಿರುಗಿಸಿ ಕೆಳಗಿಟ್ಟು, ಸೊಂಟದಲ್ಲಿ ಗೆರೆಗೆ ಗೆರೆ ಕೂಡಿಸಿದಳು. ಬೇರೆಲ್ಲೂ ಮುಟ್ಟಲಿಲ್ಲ. ಆಮೇಲೆ ಫೈಲನ್ನು ಮೆಷಿನ್ನಿಗೆ ಕಳಿಸಿ, ಹಾಳೆ ಹೊರಗೆ ಬರುವವರೆಗೆ ಅಲ್ಲೇ ಕಾಯುತ್ತಾ ನಿಂತಳು.